ಕಾಲು ಸೆಕೆಂಡು

ಮೇ 5, 2025, ಸೋಮವಾರ

ಬೆಳಿಗ್ಗೆ ಚಹಾ ಕುಡಿಯುತ್ತ ಮೇಲ್ ತೆರೆದೆ. ‘ದೇಚು’ ಎಂಬ ಹೆಸರಿನ ಯಾವುದೋ ಪ್ರಾಣಿ ನನ್ನ ಕೋಡನ್ನು ಬೇರುಸಹಿತ ಕಿತ್ತುಹಾಕಬೇಕೆಂದು ಪ್ರಸ್ತಾವ ಕಳಿಸಿದೆ. ಗಂಡೋ ಹೆಣ್ಣೋ, ಯಾವ ದೇಶದ್ದೋ ತಿಳಿಯದು. ಆರು ಸಾವಿರದ ಇನ್ನೂರು ಸಾಲು! ಹನ್ನೆರಡು ವರ್ಷ ನಾನೊಬ್ಬನೇ ಬರೆದು, ತಿದ್ದಿ, ಕಾಯ್ದುಕೊಂಡು ಬಂದದ್ದು. ಸಾರಸ್ ಡೆಸ್ಕ್‌ಟಾಪನ್ನು ಕಂಪ್ಯೂಟರಿಗೆ ಹಾಕಿಕೊಂಡವರು ಪರದೆಯ ಮೇಲೆ ಏನೇ ನೋಡಲಿ, ಕಿಟಕಿಯೋ ಅಕ್ಷರವೋ ಚಿತ್ರವೋ, ಅದು ನನ್ನ ಸಾಲುಗಳನ್ನು ದಾಟಿಯೇ ಬರಬೇಕು. ಈಗ ಅವು ಬೇಡವಂತೆ, ಎಲ್ಲವನ್ನೂ ನೇರವಾಗಿ ಗ್ರಾಫಿಕ್ಸ್ ಕಾರ್ಡಿನ ಕೈಗೆ ಒಪ್ಪಿಸಬೇಕಂತೆ. ‘ನಾವೀನ್ಯ’ ಎಂಬ ಮಾತು ಆ ಪತ್ರದಲ್ಲಿ ಮೂರು ಸಲ ಬಂದಿದೆ. ಈ ಪದ ಕಿವಿಗೆ ಬಿದ್ದರೆ ನನಗೆ ಮದುವೆಮನೆಯ ಬಫೆ ನೆನಪಾಗುತ್ತದೆ: ತಟ್ಟೆ ದೊಡ್ಡದು, ಅನ್ನ ಹಳಸಿದ್ದು.

ವಾಣಿಶ್ರೀ ನನ್ನ ಮುಖ ನೋಡಿ ಕೇಳಿದಳು, “ಏನಾತ್ರೀ? ಆಫೀಸಿಂದೇನು?”

“ಆಫೀಸಿಂದಲ್ಲ. ಸಾರಸ್‌ದು.”

“ಅಂದ್ರ ಪಗಾರ ಇಲ್ಲದ್ದು. ಹಂಗಾರ ಮೊದ್ಲ ನಾಷ್ಟಾ ಮಾಡ್ರಿ, ಆರತೈತಿ.”

ಇದು ಎಲ್ಲರಿಗೂ ತೆರೆದ ಸಾಫ್ಟ್‌ವೇರು, ಲೋಕದ ಯಾರು ಬೇಕಾದರೂ ಒಳಗೆ ಇಣುಕಿ ಓದಬಹುದು, ತಿದ್ದಬಹುದು ಎಂದು ಇವಳಿಗೆ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಹೆಂಡತಿಗೆ ತಿಳಿಯುವುದು ಉಪ್ಪಿಟ್ಟು ಆರುತ್ತದೆ ಎಂಬುದಷ್ಟೇ.

ಮೇ 7, ಬುಧವಾರ

ಆ ದೇಚು ವಿಡಿಯೊ ಕಳಿಸಿದೆ. ಕಿಟಕಿಗಳು ಎಣ್ಣೆ ಹಚ್ಚಿದ ಹಾವಿನಂತೆ ಜಾರುತ್ತವೆ. ಕೆಳಗೆ ಎಲ್ಲ ದೇಶದ ಭಟ್ಟಂಗಿಗಳ ಚಪ್ಪಾಳೆ. ಯಾವ ಯಂತ್ರದ ಮೇಲೆ ತೆಗೆದದ್ದು ಎಂದು ನೋಡಿದೆ: ಕಳೆದ ವರ್ಷ ಕೊಂಡದ್ದು. ಹೊಸ ಕುದುರೆಯ ಮೇಲೆ ಕೂತು ‘ನಾನು ಎಷ್ಟು ಜೋರು ಓಡುತ್ತೇನೆ ನೋಡಿ’ ಎಂದ ಹಾಗೆ.

ಸಾರಸ್‌ನ ಉಸ್ತುವಾರಿ ನೋಡುವ ಏಳು ಮಂದಿ ಪಾಲಕರು ಜೂನ್ 6ರಂದು ಮತ ಹಾಕಿ ತೀರ್ಮಾನಿಸುತ್ತಾರಂತೆ. ಏಳರಲ್ಲಿ ನಾನೂ ಒಬ್ಬ. ಉಳಿದ ಆರು ಮಂದಿಗೆ ಹೊಸದು ಎಂದರೆ ಸಾಕು, ಬಾಯಿ ತೆರೆದು ನಿಲ್ಲುತ್ತಾರೆ. ಇವರಿಗೆ ಹಳೆಯ ಯಂತ್ರದ ಅಂಕಿಗಳನ್ನು ಮುಖಕ್ಕೆ ಹಿಡಿಯಬೇಕು.

ಮೇ 12, ಸೋಮವಾರ

ನಿನ್ನೆ ಮಧ್ಯಾಹ್ನ ಆ ಪ್ರಾಣಿಯ ಜೊತೆ ವಿಡಿಯೊ ಕರೆ. ಹೆಣ್ಣು. ಹೆಸರು ದೇಚಮ್ಮ. ವಿರಾಜಪೇಟೆಯ ಕಡೆಯವಳು, ಅಲ್ಲಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಾಳೆ. ಇಪ್ಪತ್ತಾರು ವರ್ಷ. ನಾನು ಕೋಡ್ ಬರೆಯಲು ಕೂತಾಗ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವಳು.

“ನಿಮ್ಮ ಹೆಸರು ಚನ್ನವೀರ ಅಂತ ನೋಡಿ ಕನ್ನಡದವರೇ ಇರ್ಬೇಕು ಅನ್ಕೊಂಡೆ ಸರ್. ನಾಗಪುರದಲ್ಲಿ ಅಂತ ಗೊತ್ತಿರ್ಲಿಲ್ಲ. ನಿಮ್ಮ ಕೋಡ್ ಓದಿಯೇ ನಾನು ಗ್ರಾಫಿಕ್ಸ್ ಕಲಿತಿದ್ದು.”

ಕಲಿಸಿದವನ ಗೋಡೆಯನ್ನೇ ಕೆಡವುವುದು ಈಗಿನ ಗುರುದಕ್ಷಿಣೆ.

“ಹೊಸ ಮಷಿನ್ ಮ್ಯಾಲೆ ಯಾರಾದ್ರೂ ಕುಣೀತಾರವಾ. ಹಳೇದರ ಮ್ಯಾಲೆ ಕುಣದು ತೋರಿಸು” ಎಂದೆ.

“ನನ್ನ ಹತ್ರ ಅಷ್ಟು ಹಳೇದು ಇಲ್ಲ ಸರ್. ನೀವೇ ಅಳತೆ ಮಾಡ್ತೀರಾ? ನಿಮ್ಮದು ಎಷ್ಟು, ನಂದು ಎಷ್ಟು ಅಂತ. ಏನು ಬಂದ್ರೂ ಅದನ್ನೇ ಎಲ್ಲರ ಮುಂದೆ ಇಡೋಣ.”

ತನ್ನ ಗುಂಡಿಯನ್ನು ತಾನೇ ತೋಡಿ, ಅದರ ಅಳತೆಯನ್ನೂ ನನ್ನಿಂದಲೇ ಕೇಳುತ್ತಿದ್ದಾಳೆ. ಸಂತೋಷದಿಂದ ಒಪ್ಪಿದೆ.

ಮೇ 16, ಶುಕ್ರವಾರ

ನಲವತ್ತೈದು ಡಿಗ್ರಿ. ನಮ್ಮ ನೀರಾವರಿ ಕಚೇರಿಯ ಕೂಲರು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತದೆ.

ಹಳೆಯ ಯಂತ್ರ ಹುಡುಕಹೊರಟರೆ ಒಂದೂ ಇಲ್ಲ. ಕಳೆದ ವರ್ಷ ಎಲ್ಲವನ್ನೂ ಗುಜರಿಗೆ ಸಾಗಿಸಿದರು. ಉಳಿದದ್ದು ಒಂದೇ, 2012ರದ್ದು. ಅದಿರುವುದು ಟಪಾಲು ವಿಭಾಗದಲ್ಲಿ, ನೀಲಗಂಗಮ್ಮನ ಮೇಜಿನ ಮೇಲೆ.

ಈ ಹೆಂಗಸು ಮೊದಲು ನಮ್ಮ ನಕಾಶೆ ವಿಭಾಗದಲ್ಲೇ ಇದ್ದವಳು. ಬಾಗಲಕೋಟೆಯ ಕಡೆಯವಳು. ಕೈಯಲ್ಲಿ ನಕಾಶೆ ಬರೆಯುವ ಕಾಲದಲ್ಲಿ ಒಳ್ಳೆಯ ಹೆಸರಿತ್ತಂತೆ. ಕಚೇರಿಯ ಕಂಪ್ಯೂಟರುಗಳ ಹೊಣೆ ಹೊತ್ತ ನಾನು ವಿಭಾಗಕ್ಕೆಲ್ಲ ಸಾರಸ್ ಹಾಕಿಸಿದ ಮೇಲೆ ಬಣ್ಣ ಬಯಲಾಯಿತು. ಉಳಿದವರು ದಿನಕ್ಕೊಂದು ಹಾಳೆ ಮುಗಿಸಿದರೆ ಇವಳದು ಮೂರು ದಿನಕ್ಕೊಂದು. ‘ಪರದೆ ನನ್ನ ಕೈಗಿಂತ ಹಿಂದೆ ಬೀಳುತ್ತದೆ’ ಎಂದು ದೂರು. 2014ರಲ್ಲಿ ಅವಳ ಯಂತ್ರವನ್ನು ನನ್ನ ಕೋಣೆಗೆ ತರಿಸಿ ಎರಡು ದಿನ ಪರೀಕ್ಷಿಸಿದೆ. ಕೂದಲೆಳೆಯಷ್ಟೂ ದೋಷವಿರಲಿಲ್ಲ. ಹಾಗೆಯೇ ವರದಿ ಬರೆದೆ: ‘ಯಂತ್ರ ನಿರ್ದೋಷ; ನೌಕರರ ಕೈ ನಿಧಾನ.’ ಅವಳನ್ನು ಆ ಯಂತ್ರದ ಸಮೇತ ಟಪಾಲಿಗೆ ಹಾಕಿದರು. ಕಚೇರಿಯ ಮರಾಠಿ ಮಂದಿ ಅಂದಿನಿಂದ ಅವಳನ್ನು ‘ಹಳೂಬಾಯಿ’ ಎನ್ನುತ್ತಾರೆ. ಹಳೂ ಎಂದರೆ ಮೆಲ್ಲಗೆ. ಹೇಳಿ ಮಾಡಿಸಿದ ಹೆಸರು.

ಇವತ್ತು ಹೋಗಿ, ಯಂತ್ರ ಎರಡು ದಿನ ನನ್ನ ಕೋಣೆಯಲ್ಲಿರಲಿ ಎಂದೆ.

“ಇಲ್ಲಿಂದ ಒಯ್ಯಬ್ಯಾಡ್ರಿ ಸರ.”

“ಯಾಕ್ರಿ?”

“ಹಿಂದೊಮ್ಮೆ ಒಯ್ದಿದ್ರಿ. ಅದು ಮರಳಿ ಬಂತು, ನಾ ಹೋದೆ. ನೋಡೂದಿದ್ರ ಇಲ್ಲೇ ಕುಂತು ನೋಡ್ರಿ.”

ಟಪಾಲಿನ ಹೆಂಗಸಿಗೂ ಇಷ್ಟು ನಾಲಿಗೆ! ಆ ಮೇಜಿನ ಮೇಲೆ ಎರಡು ಪರದೆಗಳು ಬೇರೆ, ಒಂದರಲ್ಲಿ ಬಂದ ಪತ್ರಗಳ ಪಟ್ಟಿ, ಇನ್ನೊಂದರಲ್ಲಿ ಹೋದ ಪತ್ರಗಳದ್ದು. ನಕಾಶೆ ಬರೆಯುವಾಗಲೂ ಎರಡು ಬೇಕೆಂದು ಹಟ ಹಿಡಿದವಳು ಇವಳೊಬ್ಬಳೇ, ಹಳೆಯ ಹಾಳೆ ಒಂದರಲ್ಲಿ, ಹೊಸದು ಇನ್ನೊಂದರಲ್ಲಿ. ಅವನ್ನೇ ಹೊತ್ತುಕೊಂಡು ಇಲ್ಲಿಗೆ ಬಂದಿದ್ದಾಳೆ.

ಮನೆಗೆ ಬಂದು ಹೇಳಿದರೆ ವಾಣಿಶ್ರೀ ಅವಳ ಪಕ್ಷ. “ಮೊನ್ನೆ ಬಸವ ಜಯಂತಿಗೆ ಕನ್ನಡ ಸಂಘದಾಗ ಹತ್ತು ಮಂದಿ ಹೂ ಕಟ್ಟಾಕ ಕುಂತಿದ್ವಿ. ನಮ್ಮದು ಒಂದು ಮೊಳ ಆಗೂದ್ರಾಗ ಆಕೀದು ಮೂರು. ಆಕೀ ಕೈ ನಿಧಾನ ಅಂದ್ರ ನಾ ನಂಬಂಗಿಲ್ಲ ಬಿಡ್ರಿ.”

ಹೂ ಕಟ್ಟುವುದಕ್ಕೂ ನಕಾಶೆಗೂ ವ್ಯತ್ಯಾಸ ತಿಳಿಯದವರ ಜೊತೆ ಏನು ವಾದ?

ಮೇ 20, ಮಂಗಳವಾರ

ಟಪಾಲು ವಿಭಾಗದಲ್ಲಿ ಮೂರು ಗಂಟೆ ಕೂತೆ. ಅಂಟು, ಗೋಣಿಚೀಲ ಮತ್ತು ಜನರ ಬೆವರಿನ ವಾಸನೆ. ಮೊದಲು ಈಗಿರುವ ಸಾರಸ್, ಅಂದರೆ ನನ್ನ ಕೋಡ್. ಕೀಲಿ ಒತ್ತಿದ ಕ್ಷಣದಿಂದ ಪರದೆಯಲ್ಲಿ ಅಕ್ಷರ ಮೂಡುವವರೆಗೆ ಎಷ್ಟು ಹೊತ್ತು ಎಂದು ಅಳೆಯುವುದು. ಇಪ್ಪತ್ತು ಮಿಲಿಸೆಕೆಂಡು ಬರಬೇಕು.

ಇನ್ನೂರ ಐವತ್ತು ಬಂತು. ಕಾಲು ಸೆಕೆಂಡು! ಪ್ರತಿ ಸಲವೂ ಅಷ್ಟೇ.

ಕೇಬಲ್ ಬದಲಿಸಿದೆ. ಧೂಳು ಊದಿದೆ. ಈ ಸೆಖೆಗೆ ಯಾವ ಗ್ರಾಫಿಕ್ಸ್ ಚಿಪ್ ತಾನೇ ನೆಟ್ಟಗಿದ್ದೀತು? ಆಕೆ ಯಂತ್ರದ ನೆತ್ತಿಯ ಮೇಲೆ ಶೇಂಗಾ ಡಬ್ಬಿ ಇಡುತ್ತಾಳೆ. ಹಾಗಿದ್ದರೆ ಯಾವ ಅಳತೆ ಸರಿ ಬಂದೀತು?

ಮೇ 21, ಬುಧವಾರ

ದೇಚಮ್ಮನ ಕೋಡ್, ಅದೇ ಯಂತ್ರ, ಅದೇ ಸೆಖೆ, ಅದೇ ಶೇಂಗಾ ಡಬ್ಬಿ: ಹದಿನೆಂಟು.

ಎಲ್ಲೋ ಮೋಸ ಮಾಡಿದ್ದಾಳೆ ಎಂದು ಅವಳ ಸಾಲುಗಳನ್ನೆಲ್ಲ ಜಾಲಾಡಿದೆ. ಮೋಸವಿಲ್ಲ. ಹಾಳಾದ ಇಂಗ್ಲಿಷಿನ ಟಿಪ್ಪಣಿಗಳು, ಆದರೆ ಮೋಸವಿಲ್ಲ.

ನನ್ನ ಕೋಡನ್ನು ಮತ್ತೆ ಹಾಕಿ, ಸಿಟ್ಟಿಗೆ ಒಂದು ಪರದೆಯ ತಂತಿ ಕಿತ್ತೆ. ನನ್ನ ಕೋಡ್ ಇಪ್ಪತ್ತಕ್ಕೆ ಬಂತು. ಮತ್ತೆ ಸಿಕ್ಕಿಸಿದೆ. ಇನ್ನೂರ ಐವತ್ತು. ಕಿತ್ತೆ, ಇಪ್ಪತ್ತು. ಸಿಕ್ಕಿಸಿದೆ, ಇನ್ನೂರ ಐವತ್ತು. ನೀಲಗಂಗಮ್ಮ ಕೈ ಕಟ್ಟಿಕೊಂಡು ನೋಡುತ್ತಿದ್ದಳು. “ಏನ್ ಸಿಕ್ತ್ರಿ ಸರ?” ಎಂದು ಕೇಳಿದಳು. “ಏನಿಲ್ಲ” ಎಂದು ಎದ್ದು ಬಂದೆ.

ಮೇ 24, ಶನಿವಾರ

ರಜೆ. ಬೆಳಗಿನಿಂದ ನನ್ನ ಕೋಡ್ ಓದಿದೆ. ಸಿಕ್ಕಿತು.

ಎರಡು ಪರದೆ ಇದ್ದರೆ ನನ್ನ ಕೋಡ್ ಪ್ರತಿಯೊಂದು ಚಿತ್ರ ಬರೆಯುವ ಮೊದಲು ಎರಡನೆಯ ಪರದೆಯಿಂದ ‘ಸಿದ್ಧ’ ಎಂಬ ಉತ್ತರಕ್ಕೆ ಕಾಯುತ್ತದೆ. ಆ ಹಳೆಯ ಯಂತ್ರದ ಗ್ರಾಫಿಕ್ಸ್ ಚಿಪ್ ಎರಡನೆಯ ಪರದೆಯ ಪರವಾಗಿ ಉತ್ತರ ಕೊಡುವುದೇ ಇಲ್ಲ. ಉತ್ತರ ಬಾರದಿದ್ದರೆ ಕಾಲು ಸೆಕೆಂಡು ಕಾದು ಮುಂದೆ ಹೋಗು ಎಂದು ನಾನೇ ಬರೆದಿದ್ದೇನೆ. ಪಕ್ಕದಲ್ಲಿ ನನ್ನದೇ ಟಿಪ್ಪಣಿ: ‘ಹೀಗೆ ಎಂದೂ ಆಗುವುದಿಲ್ಲ.’ 2013ರ ಒಂದು ಭಾನುವಾರ ಬರೆದದ್ದು. ಬರೆದು ಊಟಕ್ಕೆ ಎದ್ದಿರಬೇಕು.

2014ರಲ್ಲಿ ಪರೀಕ್ಷೆಗೆ ಪೆಟ್ಟಿಗೆಯನ್ನು ಮಾತ್ರ ತರಿಸಿದ್ದೆ. ನನ್ನ ಮೇಜಿನ ಮೇಲಿದ್ದದ್ದು ಒಂದೇ ಪರದೆ.

ಅದು ಈಗ ಅಪ್ರಸ್ತುತ. ಈಗಿನ ಮಾತು ಜೂನ್ 6. ಮೂರು ಸಾಲು ತಿದ್ದಿದರೆ ನನ್ನದೂ ಇಪ್ಪತ್ತರೊಳಗೆ ಬರುತ್ತದೆ. ಆಗ ಅಂಕಿಗಳು ಸಮಸಮ. ಸಮಸಮ ಇದ್ದರೆ ಹನ್ನೆರಡು ವರ್ಷದ ಕೋಡನ್ನು ಕೀಳಲು ಕಾರಣವೇ ಇಲ್ಲ. ದೇಚಮ್ಮ ತನ್ನ ಹಾವುಗಳನ್ನು ಬುಟ್ಟಿಗೆ ತುಂಬಿಕೊಂಡು ವಿರಾಜಪೇಟೆಯಲ್ಲೇ ಆಡಿಸಲಿ.

ವಾಣಿಶ್ರೀ ಕರೆದಳು, ಊಟಕ್ಕೆ. ಹಸಿವಿಲ್ಲ ಎಂದೆ. ಸೆಖೆ.

ಮೇ 26, ಸೋಮವಾರ

ಮೂರು ಸಾಲು ತಿದ್ದಿದೆ. ಯೋಜನೆಯ ದಾಖಲೆಯಲ್ಲಿ ‘ಸಣ್ಣ ಸ್ವಚ್ಛತೆ’ ಎಂದು ಬರೆದೆ. ನೀಲಗಂಗಮ್ಮನ ಯಂತ್ರಕ್ಕೆ ಹಾಕಿ ಅಳೆದೆ. ಹತ್ತೊಂಬತ್ತು. ಗೆದ್ದೆ.

ಅಳೆಯುವ ಸಾಧನ ಓಡುತ್ತಿದ್ದಾಗಲೇ ಆಕೆ ಬಂದು ಕೂತು ಒಂದು ವಿಳಾಸ ಹೊಡೆದಳು. ಕೈ ತಟ್ಟನೆ ನಿಂತಿತು.

“ಜಲ್ದಿ ಬಂತಲ್ರಿ! ಏನ್ ಮಾಡಿದ್ರಿ ಸರ?”

“ಒಳಗ ಸ್ವಲ್ಪ ಕಸ ಇತ್ತು. ತಗದೆ.”

ಆಕೆ ನಕಾಶೆಯ ತಂತ್ರಾಂಶ ತೆರೆದಳು. ಅದು ಆ ಯಂತ್ರದಲ್ಲಿ ಇನ್ನೂ ಇದೆ ಎಂದು ನನಗೆ ಗೊತ್ತಿರಲಿಲ್ಲ. ಯಾವುದೋ ನಾಲೆಯ ದಂಡೆ, ಅರ್ಧಕ್ಕೆ ನಿಂತ ಗೆರೆ. ಮೌಸ್ ಹಿಡಿದು ಮುಂದುವರಿಸಿದಳು. ಒಂದು ಬಿಂದು, ನಿಂತಳು. ಇನ್ನೊಂದು ಬಿಂದು, ನಿಂತಳು. ಗೆರೆಯೇನೋ ಒತ್ತಿದ ಕೂಡಲೇ ಮೂಡುತ್ತಿತ್ತು.

“ಇನ್ನ ತಡಿಯೂದು ಬೇಕಿಲ್ಲ. ಎಳೀರಿ” ಎಂದೆ.

“ನಾ ತಡಿಯಾಕತ್ತಿಲ್ರಿ ಸರ. ಕೈ ತಾನ ನಿಲ್ತೈತಿ.”

ಅಳೆಯುವ ಸಾಧನ ಓಡುತ್ತಲೇ ಇತ್ತು. ಯಂತ್ರ ಹತ್ತೊಂಬತ್ತು. ಆ ಕೈ ಪ್ರತಿ ಬಿಂದುವಿಗೆ ನಿಂತದ್ದು ಇನ್ನೂರ ಐವತ್ತು, ಇನ್ನೂರ ಅರವತ್ತು, ಇನ್ನೂರ ಐವತ್ತು.

ಸಾಧನ ನಿಲ್ಲಿಸಿ ಬಂದೆ.

ಮೇ 28, ಬುಧವಾರ

ದೇಚಮ್ಮ ಸಂಜೆ ಕರೆ ಮಾಡಿದಳು. ಎಲ್ಲ ತೆರೆದಿಟ್ಟ ಮನೆಯಲ್ಲಿ ಕಸ ಗುಡಿಸಿದರೂ ಲೋಕಕ್ಕೆ ಕಾಣುತ್ತದೆ, ಇದೇ ಇದರ ರೋಗ.

“ಸರ್, ನಿಮ್ಮ ‘ಸಣ್ಣ ಸ್ವಚ್ಛತೆ’ ನೋಡಿದೆ. ಅದು ಸಣ್ಣದಲ್ಲ ಅಲ್ವಾ? ಎರಡು ಪರದೆ ಇಟ್ಕೊಂಡವರಿಗೆ ಇಷ್ಟು ವರ್ಷ ಕಾಲು ಸೆಕೆಂಡು ತಡ ಆಗ್ತಿತ್ತು.”

“ಹಳೇ ಚಿಪ್‌ನ ದೋಷ ಅದು. ನನ್ನ ಕೋಡಿಂದಲ್ಲ.”

“ಹಳೇ ದೂರುಗಳನ್ನ ಹುಡುಕಿದೆ ಸರ್. ನಲವತ್ತೊಂದು ಇವೆ. ಎಲ್ಲಾನೂ ನೀವೇ ಮುಚ್ಚಿದ್ದೀರಿ, ‘ನಿಮ್ಮ ಯಂತ್ರ ಹಳೆಯದು’ ಅಂತ.”

ನಾನು ಕೂಗಾಡಿದೆ. ನಿನಗೆ ಮೂಗು ಸೋರುವ ವಯಸ್ಸಿನಲ್ಲಿ ಇದನ್ನು ನಾನೊಬ್ಬನೇ ಹೊತ್ತಿದ್ದೆ, ಆಗ ಯಾವ ನಾವೀನ್ಯದವರೂ ಹೆಗಲು ಕೊಡಲಿಲ್ಲ ಎಂದೆ. ಅದು ಸುಳ್ಳೂ ಅಲ್ಲ. ಅವಳು ಪೂರ್ತಿ ಕೇಳಿದಳು.

“ನಾನು ಎಲ್ಲೂ ಹೇಳಲ್ಲ ಸರ್. ಅದು ನಿಮ್ಮ ಕೋಡು, ನೀವೇ ಹೇಳ್ಬೇಕು” ಎಂದು ಫೋನ್ ಇಟ್ಟಳು.

ಉಪದೇಶ. ಪಾಠ ಹೇಳುವವರಿಗೆಲ್ಲ ಇದೊಂದು ಚಟ.

ಮೇ 30, ಶುಕ್ರವಾರ

ಜ್ವರ ಎಂದು ರಜೆ ಹಾಕಿದೆ. ನಲವತ್ತೊಂದು ದೂರುಗಳನ್ನೂ ಓದಿದೆ. ಒಬ್ಬ, ಕುರುಡರ ಶಾಲೆಯ ಪುಸ್ತಕಗಳನ್ನು ಟೈಪು ಮಾಡುವವನು. ಒಬ್ಬಳು, ಒಂದೇ ಕೈಯಲ್ಲಿ ಕೆಲಸ ಮಾಡುವವಳು, ತಪ್ಪು ತನ್ನದೇ ಇರಬಹುದೇ ಎಂದು ಕ್ಷಮೆ ಕೇಳಿಯೇ ಪತ್ರ ಶುರು ಮಾಡಿದ್ದಾಳೆ. ಅದಕ್ಕೆ ಉತ್ತರ ಒಂದೇ ಸಾಲು. ಇನ್ನೊಬ್ಬನಿಗೆ ಅರ್ಧ ಸಾಲು. ಈ ಉತ್ತರ ಬರೆದ ಮನುಷ್ಯ ಎಂಥವನು? ಎದುರು ಸಿಕ್ಕರೆ ನಮಸ್ಕಾರಕ್ಕೂ ಯೋಗ್ಯನಲ್ಲ. ಕೆಳಗಿನ ಸಹಿ ನನ್ನದು.

ವಾಣಿಶ್ರೀ ಹಣೆ ಮುಟ್ಟಿ ನೋಡಿ, “ಜ್ವರ ಇಲ್ಲಲ್ರೀ” ಎಂದಳು. ಎಲ್ಲವನ್ನೂ ಹೇಳಿದೆ. ಕೊನೆಗೆ, “ಇದನ್ನ ನನ್ನ ಮುಂದ ಯಾಕ ಹೇಳಾಕತ್ತೀರಿ?” ಎಂದಳು. ಅಷ್ಟೇ. ಎದ್ದು ಬಟ್ಟೆ ಒಣಹಾಕಲು ಹೋದಳು.

ಜೂನ್ 2, ಸೋಮವಾರ

ಟಪಾಲು ವಿಭಾಗಕ್ಕೆ ಹೋಗಿ ಹೇಳಿದೆ. ಎರಡು ಪರದೆ, ಬಾರದ ಉತ್ತರ, ನನ್ನ ಕೋಣೆಯ ಒಂದು ಪರದೆ, ಎಲ್ಲ. ಹೇಳಿ ಮುಗಿಸುವವರೆಗೂ ನೀಲಗಂಗಮ್ಮ ಲಕೋಟೆಗಳಿಗೆ ಠಸ್ಸೆ ಒತ್ತುತ್ತಲೇ ಇದ್ದರು.

“ಅಂದ್ರ ನನ್ನ ಕೈ ನಿಧಾನ ಇದ್ದಿದ್ದಿಲ್ಲ.”

“ಇದ್ದಿದ್ದಿಲ್ರಿ.”

“ನಿಮಗ ಯಾವಾಗ ತಿಳೀತು?”

“ಒಂಬತ್ತು ದಿನ ಆತು.”

“ಒಂಬತ್ತು ದಿನ ಸುಮ್ಮ ಇದ್ರಿ.” ಠಸ್ಸೆಯನ್ನು ಪಕ್ಕಕ್ಕಿಟ್ಟರು. “ಹನ್ನೊಂದು ವರ್ಷ ನಾನೂ ನಂಬಿದ್ದೆ ನೋಡ್ರಿ. ನಮ್ಮ ಮನಿಯವರು ‘ಬಿಡ, ಅವರಿಗೇನ ತಿಳೀತೈತಿ’ ಅಂದ್ರ ಅವರ ಮ್ಯಾಲೇ ಸಿಟ್ಟಾಗತಿದ್ದೆ. ಚನ್ನವೀರ ಸರ ನಮ್ಮ ಕಡಿಯವರು, ಸುಳ್ಳ ಬರಿಯಂಗಿಲ್ಲ ಅಂತ. ಒಮ್ಮೆ ಸೀತಾಬರ್ಡಿಯಾಗ ಬಸ್ಸಿಂದ ಇಳಿಯೂ ಮುಂದ ಹಿಂದಿನವರು ಹಳೂ ಅಂದಾರು ಅಂತ ಜಿಗದು ಕಾಲು ಮುರಕೊಂಡೆ. ಅದು ಯಂತ್ರದ್ದಲ್ರಿ. ಅದು ನಿಮ್ಮ ಬರವಣಿಗೀದು.”

“ತಪ್ಪಾತ್ರಿ” ಎಂದೆ.

“ಬಾಯಿಲೆ ಬ್ಯಾಡ. ಆವಾಗ ಕಾಗದದಾಗ ಬರದಿದ್ರಿ. ಈಗೂ ಕಾಗದದಾಗ ಬರೀರಿ.”

ಜೂನ್ 3, ಮಂಗಳವಾರ

ಪಾಂಡುರಂಗ ಸಾಹೇಬರ ಕೋಣೆ. ನಮ್ಮ ಶಾಖೆಯ ಮುಖ್ಯಸ್ಥ. ಈ ಮನುಷ್ಯನಿಗೆ ಗೊತ್ತಿರುವ ತಾಂತ್ರಿಕ ವಿದ್ಯೆ ಎಂದರೆ ಎ.ಸಿ.ಯ ರಿಮೋಟು.

“ಜುನಂ ಪ್ರಕರಣ ಆಹೇ, ಸೋಡಾ ನಾ” ಎಂದ. ಹಳೆಯ ಪ್ರಕರಣ, ಬಿಟ್ಟುಬಿಡಬೇಕಂತೆ. ಆಕೆ ಇನ್ನು ಒಂಬತ್ತು ತಿಂಗಳಿಗೆ ನಿವೃತ್ತಿ. ಫೈಲು ತೆರೆದರೆ ಮೊದಲ ಮೆಮೊ ನಿಮಗೇ ಬರುತ್ತದೆ, ಹುಚ್ಚೇ ಎಂದು ನಕ್ಕ. ಮೇಜಿನ ಮೇಲೆ ಕಿತ್ತಳೆಯ ಸಂತ್ರಾ ಬರ್ಫಿಯ ಡಬ್ಬಿ. ಒಂದು ಹೋಳು ನನ್ನ ಕಡೆ ತಳ್ಳಿದ. ಹನ್ನೊಂದು ವರ್ಷಕ್ಕೆ ಒಂದು ಹೋಳು ಬರ್ಫಿ!

ತಿನ್ನಲಿಲ್ಲ. ನನ್ನ ಕೈಯಿಂದ ಪತ್ರ ತೆಗೆದುಕೊಳ್ಳದಿದ್ದರೆ ಟಪಾಲಿನ ಮೂಲಕ ಕಳಿಸುತ್ತೇನೆ. ಒಮ್ಮೆ ಬಂದ ಪತ್ರಗಳ ಪಟ್ಟಿಯಲ್ಲಿ ಸಂಖ್ಯೆ ಬಿದ್ದರೆ ಯಾವ ಸಾಹೇಬನೂ ಅದನ್ನು ನುಂಗಲಾರ.

ಜೂನ್ 4, ಬುಧವಾರ

ಪತ್ರವನ್ನು ಟಪಾಲಿನ ಕಿಟಕಿಯಲ್ಲಿ ಕೊಟ್ಟೆ. ‘ತಾಂತ್ರಿಕ ಕಾರಣಗಳಿಂದಾಗಿ 2014ರ ವರದಿಯನ್ನು ಮರುಪರಿಶೀಲಿಸುವುದು ಸೂಕ್ತ’ ಎಂದು ಬರೆದಿದ್ದೆ. ನೀಲಗಂಗಮ್ಮ ಓದಿ, ಹಿಂದಕ್ಕೆ ಚಾಚಿದರು.

“ಇದ್ರಾಗ ನಿಮ್ಮ ಹೆಸರ ಇಲ್ಲಲ್ರಿ.”

ಎರಡನೆಯ ಸಲ ನನ್ನ ಹೆಸರು ಹಾಕಿ, ‘ಅರಿವಿಲ್ಲದೆ ಉಂಟಾದ ಅಂದಾಜಿನ ವ್ಯತ್ಯಾಸ’ ಎಂದು ಬರೆದೆ.

“ಇದ್ರಾಗ ನನ್ನ ಹೆಸರ ಇಲ್ಲ.”

ಮೂವತ್ತು ವರ್ಷ ಸರಕಾರಿ ಪತ್ರ ಬರೆದವನಿಗೆ ಟಪಾಲಿನ ಕಿಟಕಿಯಲ್ಲಿ ಒಕ್ಕಣೆಯ ಪಾಠ! ಹಿಂದೆ ಸರದಿಯಲ್ಲಿ ನಿಂತ ಕೊರಿಯರ್‌ನವರು ನಗುತ್ತಿದ್ದರು. ಅಲ್ಲೇ ಕಟ್ಟೆಯ ಮೇಲೆ ಕೂತು ಮೂರನೆಯ ಸಲ ಬರೆದೆ: ‘ನೀಲಗಂಗಮ್ಮನವರ ಕೈ ನಿಧಾನವಿರಲಿಲ್ಲ. ದೋಷ ನಾನು ಬರೆದ ಕೋಡಿನಲ್ಲಿತ್ತು. ನಾನು ಸರಿಯಾಗಿ ಪರೀಕ್ಷಿಸದೆ ಅವರ ಮೇಲೆ ಹಾಕಿದೆ. ಚನ್ನವೀರ.’ ಮೂರೇ ವಾಕ್ಯ, ಒಂದು ಸಹಿ. ಇಷ್ಟಕ್ಕೆ ಒಂದೂವರೆ ಗಂಟೆ ಬೇಕಾಯಿತು. ನಿಧಾನ ಯಾರೆಂದು ಕೇಳಿದರೆ ಈಗ ಹೇಳಬಲ್ಲೆ.

ಅವರು ಎರಡು ಸಲ ಓದಿ, ಸಂಖ್ಯೆ ಬರೆದು, ಠಸ್ಸೆ ಒತ್ತಿದರು. ಧನ್ಯವಾದ ಹೇಳಲಿಲ್ಲ. “ಮುಂದಿನವರು ಬರ್ರಿ” ಎಂದರು.

ಜೂನ್ 6, ಶುಕ್ರವಾರ

ಮತದಾನ. ಅದಕ್ಕೆ ಮೊದಲು ಎಲ್ಲ ಪಾಲಕರಿಗೂ, ಆ ನಲವತ್ತೊಂದು ಮಂದಿಗೂ ಒಂದೇ ಪತ್ರ ಕಳಿಸಿದೆ. ಅಂಕಿಗಳೆಲ್ಲ ಇದ್ದವು: ನನ್ನದು ಇನ್ನೂರ ಐವತ್ತು, ಅವಳದು ಹದಿನೆಂಟು, ಆಮೇಲೆ ಕದ್ದು ತಿದ್ದಿದ್ದು ಹತ್ತೊಂಬತ್ತು. ‘ಕದ್ದು’ ಎಂಬ ಪದವನ್ನೇ ಹಾಕಿದೆ. ನನ್ನ ಆರು ಸಾವಿರದ ಇನ್ನೂರು ಸಾಲು ತೆಗೆಯಲು ನಾನೇ ಮೊದಲ ಮತ ಹಾಕಿದೆ. ಏಳಕ್ಕೆ ಏಳು.

ಉಳಿದ ಆರು ಜನ ‘ಎಂಥ ದೊಡ್ಡ ಮನಸ್ಸು’ ಎಂದು ಬರೆದಿದ್ದಾರೆ. ಮೊನ್ನೆ ಕಿಟಕಿ ಜಾರಿದ್ದಕ್ಕೆ ಚಪ್ಪಾಳೆ, ಇವತ್ತು ನಾನು ಜಾರಿದ್ದಕ್ಕೆ ಚಪ್ಪಾಳೆ. ಇವರ ಅಂಗೈಗೆ ಬೇರೆ ಕೆಲಸವಿಲ್ಲ.

ನಲವತ್ತೊಂದರಲ್ಲಿ ಇಬ್ಬರು ಮಾತ್ರ ಉತ್ತರಿಸಿದರು. ಒಬ್ಬ ಬೈದಿದ್ದಾನೆ. ಅವನ ಪತ್ರವೇ ಸರಿಯಾಗಿದೆ.

ದೇಚಮ್ಮ ಕರೆ ಮಾಡಿ, “ಸರ್, ಇನ್ಮುಂದೆ ನನ್ನ ಕೋಡನ್ನ ನೀವೇ ಪರೀಕ್ಷೆ ಮಾಡ್ಬೇಕು. ಬೇರೆ ಯಾರೂ ಬೈಯಲ್ಲ, ಬರೀ ಹೊಗಳ್ತಾರೆ” ಎಂದಳು. ಆ ಹುಡುಗಿಗೆ ಸ್ವಲ್ಪ ತಲೆ ಇದೆ. ಟಿಪ್ಪಣಿಗಳ ಇಂಗ್ಲಿಷ್ ಮಾತ್ರ ದೇವರಿಗೇ ಪ್ರೀತಿ. ಮೊದಲ ಹನ್ನೆರಡು ತಪ್ಪು ಇವತ್ತೇ ಕಳಿಸಿದೆ.

ಜೂನ್ 13, ಶುಕ್ರವಾರ

ಮೆಮೊ ಬಂತು. ‘ತಪ್ಪು ವರದಿ ನೀಡಿದ್ದಕ್ಕೆ ಏಳು ದಿನದೊಳಗೆ ವಿವರಣೆ ಕೊಡಿ.’ ನೀಲಗಂಗಮ್ಮನವರ ಕೈಬರಹದಲ್ಲಿ ಸಂಖ್ಯೆ, ದಿನಾಂಕ. ವಿವರಣೆ ಏನಿದೆ ಕೊಡಲು? ‘ವರದಿ ತಪ್ಪು’ ಎಂದು ಬರೆದು ಕಳಿಸಿದೆ. ಪಾಂಡುರಂಗನಿಗೆ ಇದು ತೀರಾ ಚಿಕ್ಕದೆನಿಸಿತಂತೆ. ಪುಟ ತುಂಬದಿದ್ದರೆ ಇವರಿಗೆ ಸತ್ಯ ಎನಿಸುವುದಿಲ್ಲ.

ಇನ್ನೊಂದು ಆದೇಶವೂ ಬಂದಿದೆ. ನೀಲಗಂಗಮ್ಮನವರನ್ನು ಮರಳಿ ನಕಾಶೆ ವಿಭಾಗಕ್ಕೆ ಹಾಕಿದ್ದಾರೆ.

ಜೂನ್ 20, ಶುಕ್ರವಾರ

ನಿನ್ನೆ ಸಂಜೆ ಒಂದು ಮಳೆ ಬಿತ್ತು. ಕಚೇರಿ ಸ್ವಲ್ಪ ತಣ್ಣಗಿತ್ತು.

ನಕಾಶೆ ವಿಭಾಗದಲ್ಲಿ ಹೊಸ ಯಂತ್ರ, ಎರಡು ದೊಡ್ಡ ಪರದೆ, ದೇಚಮ್ಮನ ಕೋಡ್ ಹಾಕಿದ ಸಾರಸ್. ಬೇರೆಯವರ ಕೈಗೆ ಕೊಡದೆ ನಾನೇ ಜೋಡಿಸಿದೆ. ಈ ವಿಭಾಗದವರಿಗೆ ತಂತಿಯ ತಲೆ ಬಾಲ ತಿಳಿಯುವುದಿಲ್ಲ. ಹನ್ನೊಂದಕ್ಕೆ ನೀಲಗಂಗಮ್ಮನವರು ಬಂದು ಕೂತರು. ಪಕ್ಕದ ಮೇಜಿನ ಇಬ್ಬರು ‘ಹಳೂಬಾಯಿ’ ಎಂದು ಗೊಣಗಿ ನಕ್ಕರು. ಆ ಇಬ್ಬರನ್ನೂ ಚಹಾಕ್ಕೆ ಓಡಿಸಿದೆ. ಮೂರ್ಖರು.

ನೀಲಗಂಗಮ್ಮನವರು ಹಾಳೆ ತೆರೆದರು. ಒಂದು ಬಿಂದು. ನಿಂತರು. ಇನ್ನೊಂದು. ನಿಂತರು. ನನ್ನ ಕಡೆ ತಿರುಗಿದರು.

“ಸರ, ನೀವು ಹೊರಗ ನಿಂದರ್ರಿ.”

“ಅಂದ್ರ?”

“ನೀವು ಬೆನ್ನ ಹಿಂದ ನಿಂತ್ರ ಕೈ ಓಡಂಗಿಲ್ಲ. ನಾ ಕರಿಯೂ ತನಕ ಒಳಗ ಬರಬ್ಯಾಡ್ರಿ.”

ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಮೊಗಸಾಲೆಯಲ್ಲಿ ಜನ ಓಡಾಡುತ್ತಿದ್ದರು. ಜವಾನರೂ ನೋಡಿಕೊಂಡು ಹೋದರು. ಬಾಗಿಲ ಪಕ್ಕದ ಅವರ ಮೇಜಿನಿಂದ ಮೌಸಿನ ಸದ್ದು ಕೇಳುತ್ತಿತ್ತು. ಟಕ್. ಅಂತರ. ಟಕ್. ಅಂತರ. ಎಣಿಸುತ್ತ ನಿಂತೆ. ಎಣಿಸುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ.

ಹನ್ನೆರಡರ ಸುಮಾರಿಗೆ ಪಾಂಡುರಂಗ ಸಾಹೇಬ ಬಂದ. “ಕಾಯ್ ಚನ್ನವೀರ, ಬಾಹೇರ್ ಕಾ ಉಭೇ?” ಹೊರಗೆ ಯಾಕೆ ನಿಂತಿದ್ದೀ ಎಂಬ ಪ್ರಶ್ನೆ. ನಮ್ಮ ಹೊಸ ಕೆಲಸಗಾರ್ತಿ ಏನು ಮಾಡುತ್ತಿದ್ದಾಳೆ ನೋಡೋಣ ಎಂದು ಬಾಗಿಲಿಗೆ ಕೈ ಚಾಚಿದ. ನಾನು ಅಡ್ಡ ನಿಂತೆ.

“ಆತಾ ನಕೋ ಸಾಹೇಬ” ಎಂದೆ, ಈಗ ಬೇಡ ಎಂದು. “ಒಳಗೆ ನೀಲಗಂಗಮ್ಮನವರು ಕೆಲಸ ಮಾಡುತ್ತಿದ್ದಾರೆ.”

ಒಂದು ಮೆಮೊ ಕೊಟ್ಟವನು ಇನ್ನೊಂದೂ ಕೊಡಬಹುದು. ಕೊಡಲಿ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೊರಟು ಹೋದ.

ಒಂದು ಗಂಟೆಗೆ ಊಟದ ಹೊತ್ತು. ವಿಭಾಗದವರೆಲ್ಲ ಡಬ್ಬಿ ಹಿಡಿದು ನನ್ನನ್ನು ದಾಟಿ ಹೋದರು. ಒಳಗಿನ ಸದ್ದು ನಿಲ್ಲಲಿಲ್ಲ. ಎರಡು ಸದ್ದುಗಳ ನಡುವೆ ಎಣಿಸಲು ನನಗೆ ಎಡೆಯೇ ಸಿಗದಾಯಿತು. ಅವರು ಇನ್ನೂ ಕರೆದಿರಲಿಲ್ಲ. ನಿಂತೇ ಇದ್ದೆ.